ಹಾಸು ಹೊಕ್ಕಿನ ಬಿಗಿ

ಬೆಂಗಳೂರಿನಿಂದ ಹೊರಟ ಹೆದ್ದಾರಿ ತುಮಕೂರು, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಸಾತಾರಾ ದಾಟಿ ಪುಣೆಯ ಪಶ್ಚಿಮದ ಅಂಚನ್ನು ಬಳಸಿಕೊಂಡು ಮುಂಬೈ ಕಡೆ ಸಾಗುತ್ತದೆ. ಹಿಂಜವಾಡಿಯ ಐಟಿ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರು ಹಬ್ಬ ಮುಗಿಸಿ ರಾತ್ರಿ ಬಸ್ಸಿನಲ್ಲಿ ಮರಳುವಾಗ, ಇನ್ನು ಚೀಲ ಕೆಳಗಿಳಿಸಬಹುದು ಎಂದು ಅವರಿಗೆ ತಿಳಿಸುವ ಗುರುತು ಬಾಲೇವಾಡಿಯ ಶಿವಛತ್ರಪತಿ ಕ್ರೀಡಾ ಸಂಕೀರ್ಣ. ಅದನ್ನು ದಾಟಿ ಮುಳಾ ನದಿಯ ಸೇತುವೆ ಹತ್ತಿದರೆ ಮುಂದೆ ವಾಕಡ್, ಅದರಾಚೆ ಹಿಂಜವಾಡಿ. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಈ ಸಂಕೀರ್ಣದ ಟೆನಿಸ್ ಅಂಕಣಗಳಲ್ಲಿ 2018ರಿಂದ 2023ರವರೆಗೆ ಪುರುಷರ ಎಟಿಪಿ ಟೂರ್ನಿಯಾದ ಟಾಟಾ ಓಪನ್ ಮಹಾರಾಷ್ಟ್ರ ನಡೆಯಿತು. 2025ರ ಏಪ್ರಿಲ್‌ನಲ್ಲಿ ಬಿಲ್ಲಿ ಜೀನ್ ಕಿಂಗ್ ಕಪ್‌ನ ಏಷ್ಯಾ–ಓಷಿಯಾನಿಯಾ ಪಂದ್ಯಗಳೂ ಇಲ್ಲೇ ನಡೆದವು. ಅಲ್ಲಿ ಮೇಲೇರಿದ ಭಾರತದ ಮಹಿಳೆಯರ ತಂಡ ಅದೇ ವರ್ಷದ ನವೆಂಬರ್‌ನಲ್ಲಿ ಮುಂದಿನ ಸುತ್ತು ಆಡಿದ್ದು ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಕಣದಲ್ಲಿ.

ಇವುಗಳಷ್ಟು ಸದ್ದು ಮಾಡದ ಇನ್ನೊಂದು ಸ್ಪರ್ಧೆಯೂ ಪುಣೆಯ ಲೆಕ್ಕದಲ್ಲಿದೆ. 2008ರ ಅಕ್ಟೋಬರ್‌ನಲ್ಲಿ ಕಾಮನ್‌ವೆಲ್ತ್ ಯುವ ಕ್ರೀಡಾಕೂಟ ಈ ಊರಲ್ಲಿ ನಡೆದಾಗ ಟೆನಿಸ್‌ನ ಬಾಲಕಿಯರ ಸಿಂಗಲ್ಸ್ ಚಿನ್ನ ಗೆದ್ದವಳು ಹೆದರ್ ವಾಟ್ಸನ್, ಇಂಗ್ಲಿಷ್ ಕಾಲುವೆಯ ಗರ್ನ್‌ಸಿ ದ್ವೀಪದಲ್ಲಿ ಹುಟ್ಟಿದ ಹದಿನಾರರ ಹುಡುಗಿ. ಮರುವರ್ಷವೇ ಆಕೆ ಅಮೆರಿಕನ್ ಓಪನ್‌ನ ಬಾಲಕಿಯರ ಸಿಂಗಲ್ಸ್ ಗೆದ್ದಳು. ಪುಣೆಯಲ್ಲಿ ಆಡಿ ಹೋದ ಹುಡುಗಿ ಹನ್ನೆರಡು ತಿಂಗಳೊಳಗೆ ಗ್ರ್ಯಾಂಡ್ ಸ್ಲಾಮ್ ಜೂನಿಯರ್ ಚಾಂಪಿಯನ್ ಆದಳು. ಭಾರತದ ಹುಡುಗಿಯರಿಗೆ ಸಿಂಗಲ್ಸ್‌ನ ಆ ಪಟ್ಟ ಇನ್ನೂ ಸಿಕ್ಕಿಲ್ಲ. 1952ರಲ್ಲಿ ರೀಟಾ ದಾವರ್ ವಿಂಬಲ್ಡನ್ ಬಾಲಕಿಯರ ಸಿಂಗಲ್ಸ್‌ನ ಫೈನಲ್ ತಲುಪಿ ನೆದರ್ಲೆಂಡ್ಸ್‌ನ ಫೆನ್ನಿ ಟೆನ್ ಬಾಷ್‌ಗೆ ಸೋತರು. 2003ರಲ್ಲಿ ಸಾನಿಯಾ ಮಿರ್ಜಾ ರಷ್ಯದ ಅಲೀಸಾ ಕ್ಲೆಬನೋವಾ ಜೊತೆ ವಿಂಬಲ್ಡನ್ ಬಾಲಕಿಯರ ಡಬಲ್ಸ್ ಗೆದ್ದರು. ಸಿಂಗಲ್ಸ್ ಬಾಕಿಯಿದೆ.

ಬಾಲಕಿಯರ ಸಿಂಗಲ್ಸ್ ಎಂದರೆ ಏನು ಎನ್ನುವುದನ್ನು ಎರಡು ಮಾತಿನಲ್ಲಿ ಹೇಳಬಹುದು. 13 ತುಂಬಿದ ದಿನದಿಂದ 18 ತುಂಬುವ ವರ್ಷದ ಕೊನೆಯವರೆಗೆ ಹುಡುಗಿಯರು ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ನಿನ ಜೂನಿಯರ್ ಟೂರ್ನಿಗಳಲ್ಲಿ ಆಡಬಹುದು. ಮೆಟ್ಟಿಲು ಮೆಟ್ಟಿಲಾಗಿರುವ ಆ ಟೂರ್ನಿಗಳ ತುದಿಯಲ್ಲಿ ನಾಲ್ಕು ಗ್ರ್ಯಾಂಡ್ ಸ್ಲಾಮ್‌ಗಳಿವೆ. ಅಲ್ಲಿ 64 ಹುಡುಗಿಯರು ಇಳಿಯುತ್ತಾರೆ. ಮೂರು ಸೆಟ್‌ಗಳಲ್ಲಿ ಎರಡು ಗೆದ್ದವಳು ಮುಂದಕ್ಕೆ, ಸೋತವಳು ಮನೆಗೆ. ಕಪ್ ಬೇಕಾದರೆ ಸತತ ಆರು ಪಂದ್ಯ ಗೆಲ್ಲಬೇಕು. ಇಲ್ಲಿ ಆಡುವ ಹುಡುಗಿಯ ಹೆಗಲ ಮೇಲಿನ ಉದ್ದ ಚೀಲದಲ್ಲಿ ಒಂದೇ ಅಚ್ಚಿನ ನಾಲ್ಕರಿಂದ ಆರು ರ‍್ಯಾಕೆಟ್‌ಗಳಿರುತ್ತವೆ. ಒಂದು ರ‍್ಯಾಕೆಟ್ ಸಾಲದೇ ಎಂದು ನೋಡುವವರಿಗೆ ಅನಿಸಬಹುದು. ಸಾಲದು. ಅದಕ್ಕೆ ಕಾರಣ ರ‍್ಯಾಕೆಟ್ಟಿನ ಫ್ರೇಮಿನಲ್ಲಿಲ್ಲ, ಅದರೊಳಗೆ ಬಿಗಿದ ಎಳೆಗಳಲ್ಲಿದೆ.

ಆ ಎಳೆ ಬಿಗಿಯುವ ಕೆಲಸಕ್ಕೆ ನಮ್ಮಲ್ಲಿ ಗಟ್ಟಿಂಗ್ ಎನ್ನುತ್ತಾರೆ. ಎಳೆ ಪ್ಲಾಸ್ಟಿಕ್ಕಿನದಾದರೂ ಹೆಸರು ಗಟ್, ಅಂದರೆ ಕರುಳು. ಪ್ರತಿ ಟೂರ್ನಿಯಲ್ಲೂ ಆಟಗಾರರ ಕೋಣೆಯ ಆಸುಪಾಸಿನಲ್ಲಿ ಗಟ್ಟಿಂಗ್‌ಗೆ ಒಂದು ಜಾಗ ಇರುತ್ತದೆ. ಸಣ್ಣ ಟೂರ್ನಿಯಾದರೆ ಒಂದು ಮೇಜು, ಒಂದು ಯಂತ್ರ, ಒಬ್ಬ ಮನುಷ್ಯ. ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ ಯಂತ್ರಗಳು ಸಾಲಾಗಿ ನಿಂತಿರುತ್ತವೆ, ದಿನಕ್ಕೆ ನೂರಾರು ರ‍್ಯಾಕೆಟ್ ಕೈದಾಟುತ್ತವೆ. ಜೂನಿಯರ್ ಪಂದ್ಯಗಳು ಅಲ್ಲಿ ಶುರುವಾಗುವುದು ಎರಡನೇ ವಾರದ ಹೊತ್ತಿಗೆ. ಸೋತ ಹಿರಿಯರ ರ‍್ಯಾಕೆಟ್‌ಗಳು ಖಾಲಿ ಮಾಡಿದ ಕೊಕ್ಕೆಗಳಿಗೆ ಆಗ ಹುಡುಗ ಹುಡುಗಿಯರ ರ‍್ಯಾಕೆಟ್‌ಗಳು ಬಂದು ತೂಗುತ್ತವೆ.

ಮೊದಲು ಎಳೆಯ ಕಥೆ. ಹಳೆಯ ಕಾಲದ ಗಟ್ ನಿಜಕ್ಕೂ ಕರುಳೇ. ಕುರಿಯ, ಆಮೇಲೆ ದನದ ಕರುಳಿನ ಪೊರೆಯನ್ನು ಉದ್ದಕ್ಕೆ ಸೀಳಿ, ತೊಳೆದು, ಹಲವು ಪಟ್ಟಿಗಳನ್ನು ಒಟ್ಟಿಗೆ ಹುರಿಮಾಡಿ, ಬಿಗಿದು ಒಣಗಿಸಿ, ಉಜ್ಜಿ ನಯಗೊಳಿಸಿದರೆ ಒಂದೂಕಾಲು ಮಿಲಿಮೀಟರ್ ದಪ್ಪದ ಎಳೆಯಾಗುತ್ತದೆ. ಫ್ರಾನ್ಸ್‌ನ ಲಿಯೋನ್ ನಗರದ ಬಾಬೊಲಾ ಮನೆತನ 1875ರಿಂದ ಈ ಕೆಲಸದಲ್ಲಿದೆ. ಇಂದಿಗೂ ಕರುಳಿನ ಎಳೆಯಷ್ಟು ಪುಟಿಯುವ, ಬಿಗಿಯನ್ನು ಬಹುಕಾಲ ಹಿಡಿದಿಟ್ಟುಕೊಳ್ಳುವ ಎಳೆ ಇನ್ನೊಂದಿಲ್ಲ. ಆದರೆ ಅದು ದುಬಾರಿ. ನೀರು ತಗುಲಿದರೆ ಉಬ್ಬಿ, ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಸಹ್ಯಾದ್ರಿಯ ಮಗ್ಗುಲಲ್ಲೇ ಇರುವ ಪುಣೆಯ ಆಷಾಢದಲ್ಲಿ ಅದನ್ನು ಕಾಪಾಡುವುದೇ ಒಂದು ಕೆಲಸ. ಕರುಳಿನ ನಂತರ ನೈಲಾನ್ ಬಂತು: ಅಗ್ಗ, ಮೆದು, ಮಳೆಗೆ ಹೆದರದು. ಕಲಿಯುವ ಮಕ್ಕಳ ರ‍್ಯಾಕೆಟ್‌ನಲ್ಲಿ ಈಗಲೂ ಹೆಚ್ಚಾಗಿ ಇರುವುದು ಇದೇ.

ಆಟವನ್ನೇ ಬದಲಿಸಿದ್ದು ಪಾಲಿಯೆಸ್ಟರ್. 1997ರ ಫ್ರೆಂಚ್ ಓಪನ್‌ನಲ್ಲಿ ಬ್ರೆಜಿಲ್‌ನ ಗುಸ್ತಾವೊ ಕುಯರ್ಟೆನ್, ಅದುವರೆಗೆ ಯಾರೂ ದೊಡ್ಡದಾಗಿ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಆಟಗಾರ, ಬೆಲ್ಜಿಯಂನ ಲಕ್ಸಿಲಾನ್ ಕಂಪನಿಯ ಪಾಲಿ ಎಳೆ ಹಾಕಿಕೊಂಡು ಬಂದು ಚಾಂಪಿಯನ್ ಆದ. ಪಾಲಿ ಎಳೆ ಗಡುಸು, ಮೈ ಜಾರು. ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಿ ಹೊಡೆದಾಗ ಉದ್ದ ಎಳೆಗಳು ಪಕ್ಕಕ್ಕೆ ಜಾರಿ, ಚೆಂಡು ಬಿಡುವ ಮೊದಲೇ ಸರಕ್ಕನೆ ಸ್ವಸ್ಥಾನಕ್ಕೆ ಮರಳುತ್ತವೆ. ಆ ಮರಳುವಿಕೆಯೇ ಚೆಂಡಿಗೆ ಹೆಚ್ಚಿನ ಸುತ್ತು ಕೊಡುತ್ತದೆ. ಇಷ್ಟೆಲ್ಲ ನಡೆಯುವುದು ಒಂದು ಸೆಕೆಂಡಿನ ಇನ್ನೂರನೇ ಒಂದು ಭಾಗದಲ್ಲಿ. ಚೆಂಡು ರ‍್ಯಾಕೆಟ್ಟಿನ ಮೇಲೆ ಇರುವುದೇ ಅಷ್ಟು ಹೊತ್ತು. ಗಡುಸು ಎಳೆಯ ಪೆಟ್ಟು ಮಾತ್ರ ಮಣಿಕಟ್ಟಿಗೆ, ಮೊಣಕೈಗೆ ಬಡಿಯುತ್ತದೆ. ಹದಿನಾಲ್ಕರ ಹುಡುಗಿಯ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಅದಕ್ಕೇ ಅನೇಕರು ಮಿಶ್ರ ಗಟ್ಟಿಂಗ್‌ಗೆ ಹೋಗುತ್ತಾರೆ: ಉದ್ದಕ್ಕೆ ಪಾಲಿ, ಅಡ್ಡಕ್ಕೆ ಮೆದು ನೈಲಾನ್. ರೋಜರ್ ಫೆಡರರ್ ಇದನ್ನು ತಿರುವುಮುರುವು ಮಾಡಿ ಉದ್ದಕ್ಕೆ ಕರುಳು, ಅಡ್ಡಕ್ಕೆ ಪಾಲಿ ಹಾಕಿಸುತ್ತಿದ್ದರು.

ಇನ್ನು ಬಿಗಿ. ಹುಡುಗಿ ರ‍್ಯಾಕೆಟ್ ಕೊಡುವಾಗ ಚೀಟಿಯಲ್ಲಿ ಎರಡು ಅಂಕಿ ಬರೆಯುತ್ತಾಳೆ: 52/50. ಉದ್ದ ಎಳೆಗಳನ್ನು 52 ಪೌಂಡ್, ಅಂದರೆ ಸುಮಾರು ಇಪ್ಪತ್ತಮೂರೂವರೆ ಕಿಲೊ ಬಲದಲ್ಲಿ ಎಳೆ, ಅಡ್ಡ ಎಳೆಗಳನ್ನು ಎರಡು ಪೌಂಡ್ ಸಡಿಲ ಬಿಡು ಎಂದರ್ಥ. ಮರಾಠಿ ಮಕ್ಕಳು “ದಾದಾ, ಐವತ್ತೆರಡು” ಎಂದರೆ ನಮ್ಮ ಕಡೆಯಿಂದ ಬಂದವರು “ಅಣ್ಣಾ, ಸ್ವಲ್ಪ ಬೇಗ” ಎಂದು ಸೇರಿಸುತ್ತಾರೆ. ಬಿಗಿ ಕಡಿಮೆಯಾದರೆ ಎಳೆಗಳ ಹಾಸು ಹೆಚ್ಚು ಕುಸಿದು ಚಿಮ್ಮುತ್ತದೆ, ಚೆಂಡು ದೂರ ಹೋಗುತ್ತದೆ, ಕೈಗೆ ಹಿತ. ಬಿಗಿ ಹೆಚ್ಚಾದರೆ ಚೆಂಡು ಹಿಡಿತದಲ್ಲಿರುತ್ತದೆ, ತೋಳು ತಾನೇ ದುಡಿಯಬೇಕು. ಈ ಎರಡರ ನಡುವೆ ತನ್ನ ಅಂಕಿ ಯಾವುದೆಂದು ಕಂಡುಕೊಳ್ಳಲು ಹುಡುಗಿಗೆ ವರ್ಷಗಳೇ ಬೇಕು. ಕಂಡುಕೊಂಡ ಮೇಲೂ ಅದು ಊರಿನಿಂದ ಊರಿಗೆ ಕದಲುತ್ತದೆ. ಪುಣೆ ಸಮುದ್ರಮಟ್ಟದಿಂದ 560 ಮೀಟರ್ ಎತ್ತರದಲ್ಲಿದೆ, ಬೆಂಗಳೂರು 900ಕ್ಕೂ ಮೇಲೆ. ತೆಳು ಗಾಳಿಯಲ್ಲಿ ಚೆಂಡು ಹೆಚ್ಚು ದೂರ ಹಾರುವುದರಿಂದ, ಚೆನ್ನೈ ಅಥವಾ ಮುಂಬೈನಲ್ಲಿ ಆಡಿ ಬೆಂಗಳೂರಿಗೆ ಬಂದವಳು ಒಂದೆರಡು ಪೌಂಡ್ ಏರಿಸುತ್ತಾಳೆ. ಬಾಲೇವಾಡಿಯ ಚಳಿಗಾಲದಲ್ಲಂತೂ ಒಂದೇ ದಿನದಲ್ಲಿ ಎರಡು ಹವೆ: ಮುಂಜಾನೆ ತಣ್ಣಗೆ, ಚೆಂಡು ಭಾರ, ಮಧ್ಯಾಹ್ನ ಬಿಸಿಲಿಗೆ ಅಂಕಣವೇ ಕಾದು ಚೆಂಡು ನೆಗೆಯುತ್ತದೆ. ಪಂದ್ಯ ಎಷ್ಟು ಗಂಟೆಗೆ ಎಂದು ಕೇಳಿಕೊಂಡೇ ಬಿಗಿ ಹೇಳುವ ಹುಡುಗಿಯರಿದ್ದಾರೆ. ಹದಿನೈದನೇ ವಯಸ್ಸಿಗೆ ಇಷ್ಟು ಲೆಕ್ಕ ಗೊತ್ತಿರುವುದು ನನಗೆ ಅವರ ಸರ್ವ್‌ಗಿಂತ ದೊಡ್ಡ ಸಂಗತಿ ಅನಿಸಿದೆ.

ಕೆಲಸ ಶುರುವಾಗುವುದು ಹಳೆಯ ಎಳೆ ಕತ್ತರಿಸುವುದರಿಂದ. ಅದಕ್ಕೂ ಒಂದು ಕ್ರಮವಿದೆ. ಒಂದು ಬದಿಯಿಂದ ಸರಸರನೆ ಕತ್ತರಿಸಿಬಿಟ್ಟರೆ ಇನ್ನೊಂದು ಬದಿಯ ಎಳೆತ ಹಾಗೇ ಉಳಿದು ಫ್ರೇಮ್ ಸೊಟ್ಟಗಾಗಬಹುದು. ನಡುಮಧ್ಯದಿಂದ ಆರಂಭಿಸಿ, ಉದ್ದ ಅಡ್ಡ ಎಳೆಗಳು ಕೂಡುವ ಕಡೆ ಕತ್ತರಿ ಇಟ್ಟು, ಓರೆಯಾಗಿ ಎಲ್ಲ ಅಂಚುಗಳತ್ತ ಸಮನಾಗಿ ಸಾಗಬೇಕು. ಎಳೆ ಬಿಚ್ಚಿದ ಬರಿಯ ಫ್ರೇಮ್ ಕೈಗೆ ಬಂದಾಗ ಗಟ್ಟಿಂಗ್ ಮಾಡುವವರು ಅದರ ಸುತ್ತ ಬೆರಳಾಡಿಸಿ ನೋಡುತ್ತಾರೆ. ಎಳೆ ಹಾದುಹೋಗುವ ಪ್ರತಿ ತೂತಿಗೂ ಒಂದು ಪುಟ್ಟ ಪ್ಲಾಸ್ಟಿಕ್ ಕೊಳವೆ ಇರುತ್ತದೆ, ಅದಕ್ಕೆ ಗ್ರಾಮೆಟ್ ಎನ್ನುತ್ತಾರೆ. ಫ್ರೇಮಿನ ಚೂಪು ಅಂಚು ಎಳೆಯನ್ನು ಕೊಯ್ಯದಂತೆ ಕಾಯುವುದು ಅದರ ಕೆಲಸ. ಸವೆದ ಗ್ರಾಮೆಟ್ ಒಂದೇ ಒಂದಿದ್ದರೂ ಹೊಸ ಎಳೆ ಪಂದ್ಯದ ನಡುವೆ ಅಲ್ಲೇ ತುಂಡಾಗುತ್ತದೆ. ನೆಲಕ್ಕೆ ಬಡಿದ ಗುರುತು, ಕೂದಲೆಳೆಯಂಥ ಬಿರುಕು ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ ಹುಡುಗಿಯನ್ನು ಕರೆಸುತ್ತಾರೆ.

ಆಮೇಲೆ ಫ್ರೇಮನ್ನು ಯಂತ್ರದ ಮೇಲೆ ಮಲಗಿಸಿ ಆರು ಕಡೆ ಹಿಡಿದು ಕೂರಿಸುವುದು. ಈ ಆರು ಹಿಡಿತ ಯಾಕೆ ಬೇಕು ಎನ್ನುವುದು ಸಣ್ಣ ಲೆಕ್ಕದಿಂದ ತಿಳಿಯುತ್ತದೆ. ಹದಿನಾರು ಉದ್ದ ಎಳೆಗಳು ತಲಾ ಇಪ್ಪತ್ತಮೂರೂವರೆ ಕಿಲೊ ಬಲದಲ್ಲಿ ಎಳೆದರೆ, ಮುನ್ನೂರು ಗ್ರಾಂ ತೂಗುವ ಆ ಕಾರ್ಬನ್ ಫ್ರೇಮಿನ ತುದಿಯನ್ನು ಹಿಡಿಯತ್ತ ಎಳೆಯುವ ಒಟ್ಟು ಬಲ 370 ಕಿಲೊ ಮೀರುತ್ತದೆ. ಉದ್ದ ಎಳೆ ಮಾತ್ರ ಬಿಗಿದು ಬಿಟ್ಟರೆ ಫ್ರೇಮಿನ ತಲೆ ಗಿಡ್ಡವಾಗಿ ಅಗಲಕ್ಕೆ ಉಬ್ಬುತ್ತದೆ. ಅಡ್ಡ ಎಳೆಗಳು ಬಂದು ಅದನ್ನು ಮತ್ತೆ ಒಳಕ್ಕೆ ಎಳೆದು ಮೊದಲಿನ ಆಕಾರಕ್ಕೆ ತರುವವರೆಗೆ ಯಂತ್ರವೇ ಅದನ್ನು ಹಿಡಿದಿರಬೇಕು. ಹಿಡಿತ ಸಡಿಲವಿದ್ದರೂ ಕಷ್ಟ, ಮೊದಲೇ ತಿರುಪು ಹೆಚ್ಚು ಬಿಗಿದರೂ ಕಷ್ಟ.

ಒಂದು ರ‍್ಯಾಕೆಟ್ಟಿಗೆ ಸುಮಾರು 12 ಮೀಟರ್ ಎಳೆ ಬೇಕು. ಇಡೀ ಉದ್ದ ಒಂದೇ ಆಗಿರಬಹುದು ಅಥವಾ ಎರಡು ತುಂಡಾಗಿರಬಹುದು. ಒಂದೇ ಆದರೆ ಎರಡು ಗಂಟು, ಎರಡಾದರೆ ನಾಲ್ಕು. ಮಿಶ್ರ ಗಟ್ಟಿಂಗ್‌ಗೆ ಎರಡೇ ದಾರಿ. ಉದ್ದ ಎಳೆಗಳಿಗೆ ಕಸುಬಿನವರು ಮೇನ್ಸ್ ಎನ್ನುತ್ತಾರೆ, ಅಡ್ಡದವಕ್ಕೆ ಕ್ರಾಸ್. ಇಳಕಲ್ಲಿನ ಮಗ್ಗ ಕಂಡವರಿಗೆ ಇವು ಹೊಸವಲ್ಲ: ಮೊದಲು ಬಿಗಿದು ನಿಲ್ಲಿಸುವ ಹಾಸು, ಆಮೇಲೆ ಅದರೊಳಗೆ ಮೇಲೆ ಕೆಳಗೆ ನುಸುಳಿ ಬರುವ ಹೊಕ್ಕು. ವ್ಯತ್ಯಾಸ ಇಷ್ಟೇ, ಇಲ್ಲಿ ಲಾಳಿಯಿಲ್ಲ, ಹಾಸನ್ನು ಮೇಲೆ ಕೆಳಗೆ ಬಿಡಿಸಿಕೊಡುವ ಅಣಿಯಿಲ್ಲ; ಎರಡರ ಕೆಲಸವನ್ನೂ ಬೆರಳೇ ಮಾಡಬೇಕು.

ಹಾಸು ಶುರುವಾಗುವುದು ನಟ್ಟನಡುವಿನ ಎರಡು ಎಳೆಗಳಿಂದ. ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು, ಅಥವಾ ಎರಡೆರಡು. ಒಂದು ಬದಿ ಇನ್ನೊಂದಕ್ಕಿಂತ ಹೆಚ್ಚು ಮುಂದೆ ಹೋಗಬಾರದು, ಫ್ರೇಮ್ ಓರೆಯಾಗುತ್ತದೆ. ಎಳೆಯ ತುದಿಯನ್ನು ಯಂತ್ರದ ಎಳೆಯುವ ತಲೆಗೆ ಸಿಕ್ಕಿಸಿ ಗುಂಡಿ ಒತ್ತಿದರೆ ಅದು ನಿಧಾನವಾಗಿ ಹಿಂದೆ ಸರಿದು ಹೇಳಿದ ಅಂಕಿಗೆ ನಿಲ್ಲುತ್ತದೆ. ಆಗ ಫ್ರೇಮಿನೊಳಗೆ ಎಳೆಯನ್ನು ಕ್ಲ್ಯಾಂಪ್ ಎಂಬ ಪುಟ್ಟ ಹಲ್ಲಿನ ಇಕ್ಕಳದಿಂದ ಕಚ್ಚಿಸಿ ಹಿಡಿದು, ಯಂತ್ರದ ತಲೆಯಿಂದ ಬಿಡಿಸಿ, ಮುಂದಿನ ತೂತಿಗೆ ಪೋಣಿಸುತ್ತಾರೆ. ಕ್ಲ್ಯಾಂಪ್ ಸಡಿಲವಾದರೆ ಎಳೆ ಜಾರಿ ಬಿಗಿ ಸೋರುತ್ತದೆ. ಅತಿಯಾಗಿ ಕಚ್ಚಿದರೆ ಎಳೆಯ ಮೈ ನಜ್ಜಾಗುತ್ತದೆ. ಕರುಳಿನ ಎಳೆಗೆ ಒಂದು, ಪಾಲಿಗೆ ಇನ್ನೊಂದು ಹದ. ಇದನ್ನು ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ, ಬೆರಳಿಗೆ ತಿಳಿಯಬೇಕು.

ಯಂತ್ರಗಳಲ್ಲೂ ಜಾತಿಗಳಿವೆ. ಹಳೆಯ ಸರಳ ಯಂತ್ರದಲ್ಲಿ ಉದ್ದ ಸಲಾಕೆಯ ಮೇಲೆ ತೂಕದ ಗುಂಡು ಜರುಗಿಸಿ ಇಳಿಬಿಡುತ್ತಾರೆ, ಗುಂಡಿನ ಭಾರವೇ ಎಳೆಯನ್ನು ಎಳೆಯುತ್ತದೆ. ಕೈಯಿಂದ ತಿರುಗಿಸುವ ಇನ್ನೊಂದು ಬಗೆ ಹೇಳಿದ ಬಿಗಿ ಮುಟ್ಟಿದೊಡನೆ ಟಕ್ಕೆಂದು ಬೀಗ ಹಾಕಿಕೊಳ್ಳುತ್ತದೆ. ಆದರೆ ಎಳೆ ಆ ಕ್ಷಣದಿಂದಲೇ ಸ್ವಲ್ಪ ಸ್ವಲ್ಪ ಹಿಗ್ಗತೊಡಗುವುದರಿಂದ ಬಿಗಿ ಅಷ್ಟಷ್ಟೇ ಇಳಿಯುತ್ತದೆ. ವಿದ್ಯುತ್ ಯಂತ್ರ ಹಾಗಲ್ಲ, ಎಳೆ ಹಿಗ್ಗಿದಷ್ಟೂ ತಾನೂ ಹಿಂದೆ ಸರಿದು ಅದೇ ಬಲವನ್ನು ಹಿಡಿದಿರುತ್ತದೆ. ಹೀಗಾಗಿ ಎರಡು ಯಂತ್ರಗಳ ಮೇಲೆ 52 ಎಂದು ಬಿಗಿದ ಎರಡು ರ‍್ಯಾಕೆಟ್ ಕೈಗೆ ಒಂದೇ ಅನಿಸುವುದಿಲ್ಲ. ಟೂರ್ನಿ ಮುಗಿಯುವವರೆಗೆ ಒಬ್ಬಳ ರ‍್ಯಾಕೆಟ್‌ಗಳೆಲ್ಲ ಒಂದೇ ಯಂತ್ರದಲ್ಲಿ, ಒಂದೇ ಕೈಯಲ್ಲಿ ಆಗಬೇಕು ಎಂಬ ಪಾಠ ಈ ಕಸುಬಿನಲ್ಲಿ ಎಲ್ಲಕ್ಕಿಂತ ಮೇಲಿನದು.

ಹಾಸು ಮುಗಿದು ಗಂಟು ಬಿದ್ದ ಮೇಲೆ ಹೊಕ್ಕು. ತುದಿಯಿಂದ ಹಿಡಿಯತ್ತ, ಸಾಮಾನ್ಯವಾಗಿ ಹತ್ತೊಂಬತ್ತು ಸಾಲು. ಒಂದು ಎಳೆಯ ಮೇಲೆ, ಮುಂದಿನದರ ಕೆಳಗೆ, ಮತ್ತೆ ಮೇಲೆ. ಮುಂದಿನ ಸಾಲಿನಲ್ಲಿ ಎಲ್ಲ ತಿರುಗುಮುರುಗು. ಹದಿನಾರು ಹಾಸಿಗೆ ಹತ್ತೊಂಬತ್ತು ಹೊಕ್ಕು ಎಂದರೆ 304 ದಾಟು. ಒಂದು ಕೈಯ ಬೆರಳುಗಳು ಮೇಲಿನಿಂದ ಎಳೆಯ ತುದಿಯನ್ನು ನೂಕಿದರೆ ಇನ್ನೊಂದು ಕೈ ಅಡಿಯಲ್ಲಿ ಕಾದು ಅದನ್ನು ಮೇಲಕ್ಕೆ ಎತ್ತಿಕೊಡುತ್ತದೆ. ನುರಿತವರು ನೋಡದೆ ನೇಯುತ್ತಾರೆ. ಪಾಲಿ ಎಳೆ ಉಜ್ಜಿ ಉಜ್ಜಿ ಅವರ ತೋರುಬೆರಳಿನ ತುದಿ ಗಟ್ಟಿಕಟ್ಟಿರುತ್ತದೆ. ಒಂದು ಕಡೆ ಮೇಲೆ ಹೋಗಬೇಕಾದದ್ದು ಕೆಳಗೆ ಹೋದರೂ ತಪ್ಪೇ. ಎರಡು ಸಾಲು ಕಳೆದ ಮೇಲೆ ಕಣ್ಣಿಗೆ ಬಿದ್ದರೆ ಅಲ್ಲಿಯವರೆಗೂ ಬಿಚ್ಚಬೇಕು.

ಈ ನೇಯ್ಗೆಯನ್ನು ಆಟದ ಕಾನೂನೇ ಕೇಳುತ್ತದೆ. 1970ರ ದಶಕದವರೆಗೆ ರ‍್ಯಾಕೆಟ್ ಹೀಗೇ ಇರಬೇಕೆಂಬ ನಿಯಮವೇ ಟೆನಿಸ್‌ನಲ್ಲಿ ಇರಲಿಲ್ಲ. 1977ರಲ್ಲಿ ಹೆಣೆಯದ ಎರಡು ಪದರ ಹಾಸು ಹಾಕಿ, ಅದಕ್ಕೆ ಪ್ಲಾಸ್ಟಿಕ್ ಕೊಳವೆಗಳನ್ನು ತೊಡಿಸಿದ ವಿಚಿತ್ರ ರ‍್ಯಾಕೆಟ್ಟೊಂದು ಬಂದು, ಚೆಂಡಿಗೆ ಊಹಿಸಲಾಗದ ಸುತ್ತು ಕೊಟ್ಟು ದೊಡ್ಡ ದೊಡ್ಡ ಆಟಗಾರರನ್ನು ತಬ್ಬಿಬ್ಬು ಮಾಡಿತು. ಅಂತರರಾಷ್ಟ್ರೀಯ ಫೆಡರೇಷನ್ ಅದನ್ನು ನಿಷೇಧಿಸಿ, ಮರುವರ್ಷ ರ‍್ಯಾಕೆಟ್ಟಿಗೆ ಮೊದಲ ಬಾರಿ ಲಕ್ಷಣ ಬರೆಯಿತು: ಹೊಡೆಯುವ ಮೈ ಸಪಾಟಾಗಿರಬೇಕು, ಎಳೆಗಳು ಒಂದರ ಮೇಲೊಂದು ಕೆಳಗೊಂದು ದಾಟಿ ಹೆಣೆದಿರಬೇಕು.

ಹೊಕ್ಕು ಎಳೆಯುವಾಗಿನ ನಿಜವಾದ ಶತ್ರು ಘರ್ಷಣೆ. ಆರು ಮೀಟರ್ ಎಳೆಯನ್ನು ಬಿಗಿದ ಹಾಸಿನ ಮೇಲೆ ರಭಸದಿಂದ ಎಳೆದರೆ ಆ ಒಂದೇ ಜಾಗ ಬಿಸಿಯಾಗಿ ಹಾಸಿನ ಎಳೆಯ ಮೈಯಲ್ಲಿ ಗೀರು ಬೀಳುತ್ತದೆ. ಕಣ್ಣಿಗೆ ಕಾಣದ ಆ ಗೀರು ಮೂರನೇ ಸೆಟ್ಟಿನಲ್ಲಿ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಎಳೆಯನ್ನು ಕೈಯಲ್ಲಿ ಕಮಾನಾಗಿಸಿ, ಹಾಸಿನ ಉದ್ದಕ್ಕೂ ಮೇಲೆ ಕೆಳಗೆ ಓಡಾಡಿಸುತ್ತಾ ಎಳೆಯುತ್ತಾರೆ. ಉಜ್ಜುವುದು ಒಂದೇ ಕಡೆ ನಿಲ್ಲುವುದಿಲ್ಲ. ಇನ್ನೊಂದು ಉಪಾಯವೂ ಇದೆ. ಒಂದು ಸಾಲನ್ನು ಬಿಗಿಯುವ ಮೊದಲೇ ಮುಂದಿನ ಸಾಲನ್ನು ನೇಯ್ದಿಟ್ಟುಕೊಳ್ಳುವುದು. ಪಕ್ಕದ ಸಾಲು ಇನ್ನೂ ಬಿಗಿಯದೆ ಸಡಿಲವಿರುವಾಗ ಮುಂದಿನದು ಸಲೀಸಾಗಿ ನುಸುಳುತ್ತದೆ. ಮಗ್ಗದಲ್ಲಿ ಅಣಿ ಮಾಡುವ ಉಪಕಾರವನ್ನು ಇಲ್ಲಿ ಹಿಂದಿನ ಎಳೆಯೇ ಮಾಡಿಕೊಡುತ್ತದೆ.

ಪ್ರತಿ ಹೊಕ್ಕನ್ನೂ ಬಿಗಿಯುವ ಮುನ್ನ, ಬಿಗಿದ ಮೇಲೆ, ಬೆರಳಿನಿಂದ ನೇರ ಮಾಡಬೇಕು. ವಕ್ರವಾಗಿದ್ದ ಎಳೆಯನ್ನು ಎಲ್ಲ ಮುಗಿದ ಮೇಲೆ ನೇರಕ್ಕೆ ತಂದರೆ ಅದರ ಬಿಗಿ ಇಳಿದಿರುತ್ತದೆ. ಕೊನೆಯ ಎರಡು ಮೂರು ಸಾಲುಗಳ ಹೊತ್ತಿಗೆ ಜಾಗ ಕಿರಿದಾಗಿ, ತೂತುಗಳಲ್ಲಿ ಆಗಲೇ ಒಂದು ಎಳೆ ಕೂತಿದ್ದು ಇನ್ನೊಂದಕ್ಕೆ ದಾರಿ ಬಿಡುವುದಿಲ್ಲ. ದಬ್ಬಣದಂಥ ಚೂಪು ಸಲಾಕೆಯಿಂದ ಸಂದು ಮಾಡಬೇಕು, ಒಳಗಿನ ಎಳೆಗೆ ಮೊನೆ ತಾಗದಂತೆ. ಆಮೇಲೆ ಕೊನೆಯ ಗಂಟು. ಗಂಟು ಹಾಕುವಾಗ ಎಳೆ ತುಸು ಹಿಂದೆ ಸರಿಯುವುದು ತಪ್ಪದು. ಆ ನಷ್ಟ ತುಂಬಲು ಕೊನೆಯ ಎಳೆಯನ್ನು ಒಂದೆರಡು ಪೌಂಡ್ ಹೆಚ್ಚಿಗೆ ಎಳೆಯುವವರಿದ್ದಾರೆ, ಕೂಡದು ಎನ್ನುವವರೂ ಇದ್ದಾರೆ. ಇಬ್ಬರಿಗೂ ಅವರವರ ಕಾರಣಗಳಿವೆ. ಹುಡುಗಿಗೆ ಬೇಕಾದದ್ದು ಆರೂ ರ‍್ಯಾಕೆಟ್‌ಗಳಲ್ಲಿ ಒಂದೇ ಪದ್ಧತಿ ನಡೆಯುವುದು.

ಇಷ್ಟಕ್ಕೆ ನುರಿತ ಕೈಗೆ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ. ಮೂವತ್ತೈದು ಸಲ ಎಳೆದು, 304 ಸಲ ದಾಟಿಸಿ, ಕತ್ತರಿಸಿ, ನೇರ ಮಾಡಿ. ನಂತರ ಕೊರೆದ ಹಾಳೆ ಇಟ್ಟು ಮಸಿಯಿಂದ ಕಂಪನಿಯ ಗುರುತು ಬಳಿದು, ಹೆಸರು, ಎಳೆ, ಬಿಗಿ, ದಿನಾಂಕ ಬರೆದ ಚೀಟಿ ಅಂಟಿಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕುತ್ತಾರೆ. ಹುಡುಗಿ ಬಂದವಳೇ ಚೀಲ ಬಿಚ್ಚಿ, ಇನ್ನೊಂದು ರ‍್ಯಾಕೆಟ್ಟಿನ ಅಂಚಿನಿಂದ ಎಳೆಗಳನ್ನು ತಟ್ಟಿ ಕಿವಿಗೊಡುತ್ತಾಳೆ. ಬಿಗಿ ಹೆಚ್ಚಿದ್ದರೆ ದನಿ ಏರು, ಕಡಿಮೆಯಿದ್ದರೆ ಇಳಿ. ಕಂಪನವನ್ನು ಅಳೆದು ಅಂಕಿ ತೋರಿಸುವ ಉಪಕರಣಗಳೂ ಬಂದಿವೆ. ಆದರೂ ಆಟಗಾರ್ತಿಯರು ಕಿವಿಯನ್ನು ಬಿಟ್ಟಿಲ್ಲ.

ಇಷ್ಟು ಜತನದಿಂದ ಮಾಡಿದ ಕೆಲಸ ಯಂತ್ರದಿಂದ ಇಳಿದ ಕ್ಷಣದಿಂದ ಕೆಡತೊಡಗುತ್ತದೆ. ಇಳಕಲ್ ಸೀರೆ ಮೂವತ್ತು ವರ್ಷ ಪೆಟ್ಟಿಗೆಯಲ್ಲಿ ಬಾಳಬಹುದು. ಪಾಲಿ ಗಟ್ಟಿಂಗ್ ಮೊದಲ ರಾತ್ರಿಯಲ್ಲೇ, ಯಾರೂ ಮುಟ್ಟದಿದ್ದರೂ, ತನ್ನ ಬಿಗಿಯ ಗಣನೀಯ ಪಾಲನ್ನು ಕಳೆದುಕೊಳ್ಳುತ್ತದೆ. ಆಡಿದರೆ ಇನ್ನೂ ಬೇಗ. ಹಾಗೆಂದೇ ಪಂದ್ಯದ ರ‍್ಯಾಕೆಟ್ ಹಿಂದಿನ ಸಂಜೆಯೋ ಅಂದಿನ ಬೆಳಿಗ್ಗೆಯೋ ಬಿಗಿದದ್ದಾಗಿರಬೇಕು. ದೊಡ್ಡ ಟೂರ್ನಿಗಳಲ್ಲಿ ಮೊದಲ ಏಳು ಗೇಮ್ ಮುಗಿದಾಗ, ಆಮೇಲೆ ಪ್ರತಿ ಒಂಬತ್ತು ಗೇಮ್‌ಗೆ ಚೆಂಡು ಬದಲಾಗುತ್ತದೆ. ಹೊಸ ಚೆಂಡಿನೊಂದಿಗೆ ಹೊಸ ರ‍್ಯಾಕೆಟ್ ಹೊರತೆಗೆಯುವ ಹಿರಿಯರ ಅಭ್ಯಾಸವನ್ನು ಹುಡುಗಿಯರೂ ನೋಡಿ ಕಲಿಯುತ್ತಾರೆ. ಒಮ್ಮೊಮ್ಮೆ ಪಂದ್ಯದ ನಡುವೆಯೇ ಅಂಕಣದಿಂದ ಬಾಲ್‌ಗರ್ಲ್ ಓಡಿಬರುತ್ತಾಳೆ, ಕೈಯಲ್ಲಿ ಎಳೆ ಹರಿದ ರ‍್ಯಾಕೆಟ್, ಬಾಯಲ್ಲಿ ಒಂದೇ ಅಂಕಿ. ಆಗ ಬೇರೆಯವರದೆಲ್ಲ ಬದಿಗೆ. ಹದಿನೈದು ನಿಮಿಷದಲ್ಲಿ ಮುಗಿಸಿ ಕಳಿಸಬಲ್ಲ ಕೈಗಳಿವೆ, ಆದರೂ ಎಳೆಯನ್ನು ಕಮಾನಾಗಿಸುವುದನ್ನು ಅವರು ಬಿಡುವುದಿಲ್ಲ. ಎಲ್ಲಿ ಬೇಗ ಮಾಡಬಹುದು, ಎಲ್ಲಿ ಮಾಡಬಾರದು ಎಂಬುದು ಅವರಿಗೆ ಗೊತ್ತು.

ಖರ್ಚಿನ ಮಾತು ಹೇಳದಿದ್ದರೆ ಚಿತ್ರ ಪೂರ್ತಿಯಾಗದು. ವಾರಕ್ಕೆ ಹಲವು ಸಲ ಎಳೆ ಬದಲಿಸುವ ಹುಡುಗಿಯ ಮನೆಯವರು ಬಿಡಿ ಪೊಟ್ಟಣ ಕೊಂಡರೆ ಉಳಿಯುವುದಿಲ್ಲ. ಅವರು 200 ಮೀಟರಿನ ಸುರುಳಿ ಕೊಳ್ಳುತ್ತಾರೆ. ಅದರಲ್ಲಿ ಹದಿನಾರು ರ‍್ಯಾಕೆಟ್ ಆಗಿ ತುಸು ಉಳಿಯುತ್ತದೆ. ಟೂರ್ನಿಗೆ ಸುರುಳಿಯನ್ನೂ ಹೊತ್ತು ತಂದು ಕೂಲಿ ಮಾತ್ರ ಕೊಡುತ್ತಾರೆ. ಮನೆಯಲ್ಲೇ ಸಣ್ಣ ಯಂತ್ರ ಇಟ್ಟುಕೊಂಡು ಮಗಳಿಗಾಗಿ ಕಸುಬು ಕಲಿತ ಅಪ್ಪಂದಿರೂ ಇದ್ದಾರೆ. ಅಹಮದಾಬಾದಿನ ಅಂಕಿತಾ ರೈನಾ ಹದಿಹರೆಯದಲ್ಲಿ ತರಬೇತಿಗೆಂದು ಪುಣೆಗೆ ಬಂದು ಹೇಮಂತ್ ಬೇಂದ್ರೆ ಅವರ ಬಳಿ ಕಲಿತರು. ಕೊಯಮತ್ತೂರಿನ ಮಾಯಾ ರಾಜೇಶ್ವರನ್ ರೇವತಿ 2025ರ ಫೆಬ್ರುವರಿಯಲ್ಲಿ, ಹದಿನೈದರ ವಯಸ್ಸಿನಲ್ಲಿ, ಮುಂಬೈನ ಡಬ್ಲ್ಯುಟಿಎ 125 ಟೂರ್ನಿಯ ಸೆಮಿಫೈನಲ್ ಮುಟ್ಟಿದಳು. ಇಂಥ ದಾರಿ ಹಿಡಿದ ಪ್ರತಿ ಮನೆಯ ಲೆಕ್ಕದ ಪುಸ್ತಕದಲ್ಲೂ ಗಟ್ಟಿಂಗ್ ಎಂಬ ಸಾಲು ತಪ್ಪದೆ ಇರುತ್ತದೆ, ರೈಲು ಟಿಕೆಟ್ಟಿನ ಸಾಲಿನ ಪಕ್ಕದಲ್ಲೇ.

ಟೂರ್ನಿಯ ಮೊದಲೆರಡು ದಿನ ಗಟ್ಟಿಂಗ್ ಮಾಡುವವರಿಗೆ ಊಟಕ್ಕೂ ಬಿಡುವಿರುವುದಿಲ್ಲ. ಆಮೇಲೆ ಪ್ರತಿ ಸುತ್ತಿಗೂ ಅರ್ಧರ್ಧ ಹುಡುಗಿಯರು ಹೊರಗೆ ಹೋದಂತೆ ಕೊಕ್ಕೆಗಳು ಖಾಲಿಯಾಗುತ್ತವೆ: 64, 32, 16, 8. ಫೈನಲ್‌ನ ಮುಂಜಾನೆ ಉಳಿಯುವುದು ಇಬ್ಬರ ರ‍್ಯಾಕೆಟ್‌ಗಳು. ಅವು ಎಷ್ಟೋ ಸಲ ಅಕ್ಕಪಕ್ಕದಲ್ಲಿ, ಒಂದೇ ಯಂತ್ರದ ಮೇಲೆ ಒಂದಾದ ಮೇಲೊಂದರಂತೆ ಆಗುತ್ತವೆ. ಒಬ್ಬಳ ಬಿಗಿ ಎಷ್ಟೆಂದು ಇನ್ನೊಬ್ಬಳ ಕಡೆಯವರಿಗೆ ಹೇಳದಿರುವುದು ಕಸುಬಿನ ಶಿಸ್ತು. ಪಂದ್ಯ ಮುಗಿದ ಮೇಲೆ ಯಂತ್ರವನ್ನು ಬಿಚ್ಚಿ ಪೆಟ್ಟಿಗೆಗೆ ತುಂಬುತ್ತಾರೆ. ಧಾರವಾಡ, ಕಲಬುರಗಿಗಳೂ 2023ರಲ್ಲಿ ಅಂತರರಾಷ್ಟ್ರೀಯ ಟೂರ್ನಿ ನಡೆಸಿವೆ. ಟೂರ್ನಿ ಎಲ್ಲಿಗೆ ಹೋದರೂ ಅದರ ಹಿಂದೆ ಇಂಥದೊಂದು ಯಂತ್ರ ಹೋಗಲೇಬೇಕು. ರಸ್ತೆಯ ಕುಲುಕಾಟಕ್ಕೆ ಯಂತ್ರದ ಅಳತೆ ಕದಲಿರುತ್ತದೆ, ಐವತ್ತೆರಡು ಎಂದು ತೋರಿಸಿ ಐವತ್ತು ಎಳೆಯಬಹುದು. ಹಾಗಾಗಿ ಹೊಸ ಊರಿನಲ್ಲಿ ಪೆಟ್ಟಿಗೆ ಬಿಚ್ಚಿದ ಮೇಲಿನ ಮೊದಲ ಕೆಲಸ ರ‍್ಯಾಕೆಟ್ ಮುಟ್ಟುವುದಲ್ಲ. ಒಂದು ಸ್ಪ್ರಿಂಗ್ ತಕ್ಕಡಿಗೆ ಎರಡೂ ಕಡೆ ಎಳೆ ಕಟ್ಟಿ, ಒಂದು ತುದಿ ಫ್ರೇಮ್ ಕೂರುವ ಜಾಗಕ್ಕೆ, ಇನ್ನೊಂದು ಎಳೆಯುವ ತಲೆಗೆ ಸಿಕ್ಕಿಸಿ, ಯಂತ್ರ ಹೇಳುವ ಅಂಕಿಯೂ ತಕ್ಕಡಿ ಹೇಳುವ ಅಂಕಿಯೂ ಒಂದಾಗುವವರೆಗೆ ತಿರುಪನ್ನು ಕೂದಲಷ್ಟು ಕೂದಲಷ್ಟೇ ತಿರುಗಿಸುತ್ತಾರೆ. ಅಷ್ಟು ಹೊತ್ತಿಗೆ ಬಾಗಿಲಲ್ಲಿ ಉದ್ದ ಚೀಲ ಹೊತ್ತ ಮೊದಲ ಹುಡುಗಿ ಬಂದು ನಿಂತಿರುತ್ತಾಳೆ. ತಕ್ಕಡಿ ಒಪ್ಪುವವರೆಗೆ ಅವಳೂ ಕಾಯಬೇಕು.